ಒಂಬತ್ತನೆಯ ನೂಲು

ನಾನು ಮಾಡಿದ ವಿಮಾನದ ಕೆಳಗಿನ ರೆಕ್ಕೆಯ ಮೇಲೆ ‘ಶುಭವಿವಾಹ’ ಎಂದು ಬಂಗಾರದ ಬಣ್ಣದ ಅಕ್ಷರಗಳಿದ್ದವು. ಲಗ್ನಪತ್ರಿಕೆಯ ದಪ್ಪ ಕಾಗದ ಬಿಟ್ಟರೆ ರೆಕ್ಕೆಗೆ ಒದಗುವಂಥದ್ದು ಮನೆಯಲ್ಲಿ ಬೇರೇನೂ ಸಿಕ್ಕಿರಲಿಲ್ಲ. ಬಣ್ಣ ಹಚ್ಚಿದರೆ ಅಕ್ಷರ ಮುಚ್ಚಿಹೋಗುತ್ತದೆ ಅಂದುಕೊಂಡೆ. ಎರಡು ಸಲ ಹಚ್ಚಿದರೂ ಮುಚ್ಚಲಿಲ್ಲ. ನನ್ನ ಹೆಂಡತಿ ಅದನ್ನು ಕೈಗೆತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಓದಿದಳು.

“ಯಾರ ಮದುವಿಗೆ ಹೊಂಟೈತ್ರೀ ಇದು?”

ನಾನು ಕುಂಚ ತೊಳೆಯತೊಡಗಿದೆ.

“ಅಲ್ಲಾ, ಮ್ಯಾಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ. ಹಾರದೆ ಕೂರಾಕೆ ಒಂದು ಜೊತಿ ಸಾಲ್ತಿರ್ಲಿಲ್ವಾ?”

ಇದು ಹೋದ ವರ್ಷದ ಮಾತು. ನನಗೆ ಎಪ್ಪತ್ತು ದಾಟಿದೆ. ನ್ಯಾಮತಿಯಲ್ಲಿ ಮನೆ. ಚನ್ನಗಿರಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೂವತ್ತು ವರ್ಷ ಮೊಳೆ, ತಿರುಪು, ಅಳತೆ ಟೇಪು ಮಾರಿ ಈಗ ಸುಮ್ಮನೆ ಕೂತಿದ್ದೇನೆ. ಹೊತ್ತು ಹೋಗಲಿ ಅಂತ ವಿಮಾನ ಮಾಡುತ್ತಿದ್ದೇನೆ ಎಂದು ಮನೆಯವರಿಗೆಲ್ಲ ಹೇಳಿದೆ. ನನಗೂ ಹಾಗೇ ಹೇಳಿಕೊಂಡೆ. ಅದು ನಿಜವಲ್ಲ. ನಿಜ ಏನೆಂದು ಬರೆಯಲು ಈಗ ಕೂತಿದ್ದೇನೆ.

ಎರಡು ಅಂತಸ್ತಿನ ರೆಕ್ಕೆಯ ಹಳೆಯ ವಿಮಾನದ ಕಥೆಯನ್ನು ನನಗೆ ಹೇಳಿದವಳು ನಮ್ಮಮ್ಮ. ಅವಳ ತವರು ಜಗಳೂರಿನ ಕಡೆ. ಅವಳು ಸಣ್ಣ ಹುಡುಗಿಯಾಗಿದ್ದಾಗ ಊರಾಚೆಯ ಬಯಲಿನಲ್ಲಿ ಅಂಥದ್ದೊಂದು ಬಂದು ಇಳಿದಿತ್ತಂತೆ. ಎಣ್ಣೆ ಮುಗಿದಿತ್ತೋ, ದಾರಿ ತಪ್ಪಿತ್ತೋ, ಯಾರಿಗೂ ಗೊತ್ತಿಲ್ಲ. ಊರಿನವರು ಅದಕ್ಕೆ ‘ಮಾಳಿಗೆ ವಿಮಾನ’ ಎಂದು ಹೆಸರಿಟ್ಟರು. ಕೆಳಗಿನ ರೆಕ್ಕೆ ನೆಲ, ಮೇಲಿನ ರೆಕ್ಕೆ ಮಾಳಿಗೆ, ನಡುವೆ ಕಂಬಗಳು. ಅಮ್ಮ ಹತ್ತಿರ ಹೋಗಿ ಮುಟ್ಟಿ ಬಂದಿದ್ದಳು. “ಕಬ್ಬಿಣ ಅಲ್ಲ ಕಣೋ, ಬಟ್ಟೆ. ನಮ್ಮಪ್ಪನ ಪಂಚೆ ಮುಟ್ಟಿದಂಗಿತ್ತು” ಎನ್ನುತ್ತಿದ್ದಳು. ಈ ಮಾತನ್ನು ಅವಳು ಸಾಯುವವರೆಗೂ ಬದಲಿಸಲಿಲ್ಲ.

ಈ ಕಥೆಯನ್ನು ನಾನು ಇನ್ನೊಬ್ಬರಿಗೆ ಹೇಳಿದ್ದೆ. ಅವರು ಬಡಗಿ. ಆಗ ನನಗೆ ಇಪ್ಪತ್ತೆರಡು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಕೆಲಸಕ್ಕಿದ್ದೆ. ಜಗಳೂರಿನಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟುತ್ತಿದ್ದರು. ನಕ್ಷೆ ಹಿಡಿದು ಅಳತೆ ಓದಿ ಹೇಳುವುದು ನನ್ನ ಕೆಲಸ. ಬಡಗಿಗೆ ಓದು ಬರಹ ಇರಲಿಲ್ಲ. ಕೈಯಲ್ಲಿ ಸದಾ ಕಾಗದ ಇರುತ್ತಿದ್ದುದರಿಂದ ಅವರು ನನ್ನನ್ನು ‘ಚೀಟಿ ಅಣ್ಣಾರು’ ಎಂದು ಕರೆಯುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು ಅವರು, ಆದರೂ ನನ್ನನ್ನು ಅಣ್ಣಾರು ಅನ್ನುತ್ತಿದ್ದರು. ನಾನು ಅವರನ್ನು ‘ಏನೋ, ಬಾರೋ’ ಅನ್ನುತ್ತಿದ್ದೆ. ಕಾಗದ ಹಿಡಿದವನಿಗೂ ಉಳಿ ಹಿಡಿದವನಿಗೂ ಇದ್ದ ಅಂತರ ಅದು. ಇಲ್ಲಿ ಅವರು ಎಂದೇ ಬರೆಯುತ್ತೇನೆ. ಆಗ ಹಾಗೆ ಕರೆದವನಲ್ಲ ಎನ್ನುವುದೂ ಓದುವವರಿಗೆ ಗೊತ್ತಿರಲಿ.

ಮಧ್ಯಾಹ್ನ ರೊಟ್ಟಿ ಬಿಚ್ಚಿಕೊಂಡು ಕೂತಾಗ ಮಾಳಿಗೆ ವಿಮಾನದ ಮಾತು ಬಂತು. ಅವರಿಗೂ ಆ ಕಥೆ ಗೊತ್ತಿತ್ತು. ಅವರ ಊರೂ ಅದೇ ಕಡೆ. ಆದರೆ ಬಟ್ಟೆಯ ವಿಷಯ ಗೊತ್ತಿರಲಿಲ್ಲ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚನೆ ಮಾಡಿದರು.

“ಬಟ್ಟೆ ಆಗಿದ್ರೆ ಒಳಗೆ ಮರದ ಪಟ್ಟಿ ಇರಲೇಬೇಕು ಅಣ್ಣಾರೆ. ಇಲ್ಲಾಂದ್ರೆ ಗಾಳಿಗೆ ಚೀಲದಂಗೆ ಉಬ್ಬಿಬಿಡ್ತೈತೆ. ಒಂದಿನ ಮಾಡಾನ, ಸಣ್ಣದು. ನೀವು ಅಳತೆ ಓದ್ರಿ, ನಾನು ಕೊಯ್ತೀನಿ.”

ಅದಾಗಿ ಎಂಟು ಹತ್ತು ದಿನಕ್ಕೆ ಕಿಟಕಿ ಚೌಕಟ್ಟಿನ ಕೆಲಸ ಬಂತು. ಹದಿನೆಂಟು ಕಿಟಕಿ, ಒಳ್ಳೆಯ ಮತ್ತಿ ಮರ. ನಕ್ಷೆಯಲ್ಲಿ ಅಗಲ 3.9 ಎಂದಿತ್ತು. ನಮ್ಮ ಕಡೆ ಕೆಲಸದ ಚೀಟಿಯಲ್ಲಿ ಚುಕ್ಕಿ ಇಟ್ಟರೆ ಅದಕ್ಕೆ ಒಂದೇ ಅರ್ಥ: ಚುಕ್ಕಿಯ ಈಚೆಗೆ ಅಡಿ, ಆಚೆಗೆ ಇಂಚು. ಸಣ್ಣ ಅಳತೆಯಾದರೆ ಈಚೆಗೆ ಇಂಚು, ಆಚೆಗೆ ನೂಲು. ಇಂಚಿನ ಎಂಟರಲ್ಲಿ ಒಂದು ಭಾಗಕ್ಕೆ ಬಡಗಿಗಳು ನೂಲು ಅನ್ನುತ್ತಾರೆ. ಹಾಗಾಗಿ ನಾನು “ಮೂರಡಿ ಒಂಬತ್ತಿಂಚು” ಎಂದು ಓದಿದೆ. ಅವರು ಕೊಯ್ದರು. ಆದರೆ ನಕ್ಷೆ ಬರೆದವರು ಪಟ್ಟಣದ ಎಂಜಿನಿಯರ್. ಅವರ ಚುಕ್ಕಿ ದಶಮಾಂಶದ ಚುಕ್ಕಿ. 3.9 ಅಡಿ ಅಂದರೆ ಹೆಚ್ಚುಕಡಿಮೆ ಮೂರಡಿ ಹನ್ನೊಂದು ಇಂಚು. ಗೋಡೆ ಕಟ್ಟುವವರಿಗೆ ಆ ಎಂಜಿನಿಯರ್ ತಾವೇ ಬಂದು ಕಿಟಕಿಯ ಜಾಗಕ್ಕೆ ಸರಿಯಾದ ಗುರುತು ಹಾಕಿಕೊಟ್ಟು ಹೋಗಿದ್ದರು.

ಮೊದಲ ಚೌಕಟ್ಟು ಎತ್ತಿ ನಿಲ್ಲಿಸಿದಾಗ ಪಕ್ಕದಲ್ಲಿ ಎರಡು ಬೆರಳು ತೂರುವಷ್ಟು ಸಂದು. ಹದಿನೆಂಟಕ್ಕೂ ಹಾಗೇ.

ಕಂಟ್ರಾಕ್ಟರ್ ಊರಿನಿಂದ ಬರಲು ಇನ್ನೂ ಅರ್ಧ ಗಂಟೆ ಇತ್ತು. ನಾನು ನಕ್ಷೆ ಬಿಚ್ಚಿ ನೋಡಿದೆ. ನೋಡಿದ ಕೂಡಲೇ ತಿಳಿಯಿತು. ದಶಮಾಂಶ ನಾನು ಶಾಲೆಯಲ್ಲಿ ಚೆನ್ನಾಗಿ ಕಲಿತ ಲೆಕ್ಕ. ಆಗ ಬಾಯಿ ಬಿಟ್ಟು ಹೇಳಲು ಅರ್ಧ ಗಂಟೆ ಪೂರ್ತಿ ನನ್ನ ಕೈಯಲ್ಲಿತ್ತು. ಇದನ್ನು ಮತ್ತೆ ಹೇಳುತ್ತೇನೆ, ಯಾಕೆಂದರೆ ಇಷ್ಟು ವರ್ಷ ನನಗೆ ನಾನೇ ‘ಗಾಬರಿಯಲ್ಲಿ ಬಾಯಿಗೆ ಬಂದದ್ದು’ ಎಂದು ಸಮಾಧಾನ ಹೇಳಿಕೊಂಡಿದ್ದೇನೆ. ಗಾಬರಿಯಲ್ಲ. ನಾನು ಯೋಚನೆ ಮಾಡಿದೆ. ನಕ್ಷೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

“ಅಳತೆ ಕೊಟ್ಟೋರ್ಯಾರು?” ಎಂದು ಕಂಟ್ರಾಕ್ಟರ್ ಅರಚಿದಾಗ, “ನಾನು ಹನ್ನೊಂದು ಅಂತಲೇ ಹೇಳ್ದೆ ಸಾರ್. ಇವನಿಗೆ ಕಿವಿ ಸರಿಯಾಗಿ ಕೇಳಲ್ಲ ಅನ್ಸುತ್ತೆ” ಅಂದೆ.

ಬಡಗಿ ನನ್ನ ಮುಖ ನೋಡಿದರು. ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಬರಲಿಲ್ಲ. ಒಂದು ಕಿವಿಯನ್ನು ಬೆರಳಿನಿಂದ ಉಜ್ಜಿಕೊಂಡರು.

“ಒಂಬತ್ತು ಅಂದಂಗೆ ಕೇಳಿಸ್ತು… ಹನ್ನೊಂದು ಅಂದ್ರೇನೋ ಅಣ್ಣಾರು” ಎಂದರು.

ಓದಿದವನು ತಪ್ಪು ಓದುತ್ತಾನೆ ಎಂದು ಅವರಿಗೆ ತೋಚಲೇ ಇಲ್ಲ. ಕಂಟ್ರಾಕ್ಟರ್ ಅವತ್ತೇ ಅವರನ್ನು ಕೆಲಸ ಬಿಡಿಸಿ ಕಳಿಸಿದ. ಉಳಿ, ಬಾಚಿ, ಗರಗಸ ಎಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಜಗಳೂರಿನಲ್ಲಿ ಅವರಿಗೆ ಮತ್ತೆ ಯಾರೂ ದೊಡ್ಡ ಕೆಲಸ ಕೊಡಲಿಲ್ಲವೆಂದೂ, ಹೆಂಡತಿಯ ಊರು ಹೊನ್ನಾಳಿಗೆ ಹೋಗಿ ನೆಲೆಸಿದರೆಂದೂ ಆಮೇಲೆ ಕೇಳಿದೆ. ನಾನೂ ಆ ಕೆಲಸ ಬಿಟ್ಟು ಚನ್ನಗಿರಿಗೆ ಬಂದೆ. ಅಂಗಡಿಗೆ ಬರುವ ಗಿರಾಕಿಗಳ ಬಾಯಲ್ಲಿ ಆಗಾಗ ಹೊನ್ನಾಳಿಯ ‘ಕಿವುಡ ಬಡಗಿ’ಯ ಸುದ್ದಿ ಬರುತ್ತಿತ್ತು. ಹೊಲಕ್ಕೆ ಬೇಕಾದ ಕುಂಟೆ, ಕೂರಿಗೆ, ನೊಗ ಎಲ್ಲ ಮಾಡುತ್ತಾನೆ, ಕೈ ಬಲು ಚಂದ, ಆದರೆ ಬಾಗಿಲು ಕಿಟಕಿ ಮಾತ್ರ ಏನು ಕೊಟ್ಟರೂ ಮುಟ್ಟುವುದಿಲ್ಲ ಎನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ಮೊಳೆ ತೂಗುತ್ತಿದ್ದೆ. ಬಸ್ಸು ಹೊನ್ನಾಳಿಯಲ್ಲಿ ನಿಂತಾಗ ಟೀ ಕುಡಿಯಲಿಕ್ಕೂ ಇಳಿಯುತ್ತಿರಲಿಲ್ಲ.

ಹಾಗಿದ್ದವನು ಈ ವಯಸ್ಸಿನಲ್ಲಿ ಮಾಳಿಗೆ ವಿಮಾನ ಮಾಡಲು ಯಾಕೆ ಕೂತೆ ಎಂದು ಯಾರಾದರೂ ಊಹಿಸಬಹುದು. ಅವರು ಮಾಡಬೇಕೆಂದಿದ್ದನ್ನು ನಾನು ಮಾಡಿ ಮುಗಿಸಿದರೆ ಏನೋ ಹಗುರಾಗುತ್ತದೆ ಎಂಬ ಆಸೆ. ಸೊಸೆ ತನ್ನ ಮೊಬೈಲಿನಲ್ಲಿ ಹುಡುಕಿ, ಹಳೆಯ ಎರಡು ರೆಕ್ಕೆಯ ವಿಮಾನದ ಪುಟ್ಟ ಮಾದರಿಗೆ ನಕ್ಷೆ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಟ್ಟಳು. ಅಳತೆಯೆಲ್ಲ ಇಂಚಿನಲ್ಲಿತ್ತು. ಮೈಗೆ ಬಿದಿರಿನ ಸೀಳು, ಗಾಲಿಗೆ ನೋವಿನ ಮುಲಾಮಿನ ಡಬ್ಬಿಯ ಮುಚ್ಚಳ, ಕಂಬಗಳಿಗೆ ತೆಂಗಿನ ಪೊರಕೆಯ ದಪ್ಪ ಕಡ್ಡಿ, ರೆಕ್ಕೆಗೆ ಆಗಲೇ ಹೇಳಿದ ಲಗ್ನಪತ್ರಿಕೆ. ಒಂದು ತಿಂಗಳು ಅಂಟಿಸಿದೆ, ಕಿತ್ತೆ, ಮತ್ತೆ ಅಂಟಿಸಿದೆ. ಏನು ಮಾಡಿದರೂ ಮೇಲಿನ ರೆಕ್ಕೆ ಮೂತಿ ಎತ್ತಿಕೊಂಡೇ ಇರುತ್ತಿತ್ತು. ಮುಂದಿನ ಕಂಬಗಳು ಎತ್ತರ, ಹಿಂದಿನವು ಗಿಡ್ಡ. ಕಾರಣ ತಿಳಿಯಲಿಲ್ಲ.

“ಹೊನ್ನಾಳ್ಯಾಗೆ ಒಬ್ಬ ಬಡಗಿ ಅದಾನಂತೆ, ಸಣ್ಣ ಕೆಲಸಕ್ಕೆ ಭಾಳ ಚಲೋ. ಕಿವಿ ಒಂದು ಕೇಳಲ್ಲಂತೆ. ಅವನತ್ರ ಒಯ್ರಿ” ಎಂದಳು ಹೆಂಡತಿ. ಅವಳಿಗೆ ಏನೂ ಗೊತ್ತಿರಲಿಲ್ಲ.

ಮೂರು ದಿನ ಯೋಚಿಸಿ, ನಾಲ್ಕನೇ ದಿನ ವಿಮಾನವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಸ್ ಹತ್ತಿದೆ. ಗಾಳಿಯಾಡಲಿ ಎಂಬಂತೆ ಪೆಟ್ಟಿಗೆಗೆ ಮೊದಲೇ ತೂತುಗಳಿದ್ದವು. ಪಕ್ಕದಲ್ಲಿ ಕೂತ ಹೆಂಗಸು ಬಗ್ಗಿ ನೋಡಿ, “ಕೋಳಿಮರಿ ಏನ್ರೀ?” ಎಂದು ಕೇಳಿದಳು. ಹೌದು ಅಂದೆ. ವಿಮಾನ ಎಂದು ಹೇಳಲು ನಾಚಿಕೆಯಾಯಿತು.

ಅವರ ಕೆಲಸದ ಜಾಗ ಮನೆಯ ಮುಂದಿನ ತಗಡಿನ ಚಪ್ಪರ. ಪಕ್ಕದಲ್ಲೇ ಟೀ ಅಂಗಡಿ. ನಾನು ಗುರುತು ಹಿಡಿದೆ. ಅವರು ಇನ್ನೂ ಬೇಗ ಹಿಡಿದರು.

“ಯಾರು, ಚೀಟಿ ಅಣ್ಣಾರಾ!”

ಎದ್ದು ಬಂದು ಕೈ ಹಿಡಿದುಕೊಂಡರು. ಅಷ್ಟು ಸಂತೋಷ ಪಡುತ್ತಾರೆಂದು ನಾನು ಎಣಿಸಿರಲಿಲ್ಲ. ಪೆಟ್ಟಿಗೆ ಬಿಚ್ಚಿದೆ. ವಿಮಾನವನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು ನಕ್ಕರು. “ಮಾಳಿಗೆ ವಿಮಾನ! ನೆನಪಿಟ್ಟೀರಲ್ರೀ. ಅಲ್ಲಾ, ಇದೇನು ಹಿಂಗೆ ಆಕಾಶ ನೋಡ್ತೈತೆ? ಮಳಿ ಬರ್ತೈತಾ ಅಂತಾನಾ?”

“ಕಂಬ ಕೂರ್ತಿಲ್ಲ. ನೀವೇ ಸರಿ ಮಾಡಬೇಕು” ಅಂದೆ.

“ಏನು?”

ಜೋರಾಗಿ ಹೇಳಿದೆ. ಅವರ ಕಿವಿ ಈಗ ನಿಜವಾಗಿಯೂ ಮಂದವಾಗಿತ್ತು. ವಯಸ್ಸು ತನ್ನ ಕೆಲಸ ಮಾಡಿತ್ತು.

“ನೀವು ಗೀವು ಅನ್ನಬ್ಯಾಡ್ರಿ, ಯಾರೋ ಬ್ಯಾರೇರು ಬಂದಂಗಾಗ್ತೈತೆ. ಅಳತೆ ಕಡ್ಡಿ ತಂದೀರಾ?”

ಅದೇನೆಂದು ಕೇಳಿದೆ. ಅವರು ಗೋಡೆ ತೋರಿಸಿದರು. ಮೊಳೆಗಳ ತುಂಬ ಕಡ್ಡಿಗಳ ಕಟ್ಟುಗಳು ನೇತಾಡುತ್ತಿದ್ದವು, ಒಂದೊಂದರ ಮೇಲೂ ಚಾಕುವಿನ ಗೀರು. ಯಾರಿಗೆ ಏನು ಬೇಕಾದರೂ ಅವರೇ ಅಷ್ಟುದ್ದದ ಕಡ್ಡಿ ಕತ್ತರಿಸಿ ತರಬೇಕು.

“ಬಾಯಿ ಅಳತೆ ತಗಳಲ್ಲ ನಾನು. ಜಗಳೂರಾಗೆ ಆತಲ್ಲ, ಆವತ್ತಿಂದ. ನಿಮ್ಮಂಥ ಓದಿದೋರು ಸರಿಯಾಗಿ ಹೇಳಿದ್ರೂ ನನ್ನ ಕಿವಿ ಮೋಸ ಮಾಡ್ತು. ಇನ್ನೊಬ್ರಿಗೆ ಹಂಗೆ ನಷ್ಟ ಮಾಡಬಾರದು ಅಂತ.”

ನಾನು ಗೋಡೆಯನ್ನೇ ನೋಡುತ್ತಾ ನಿಂತೆ. ನೂರಾರು ಕಡ್ಡಿಗಳು. ಐವತ್ತು ವರ್ಷದಷ್ಟು.

ಆಗಲೂ ನಾನು ಹೇಳಲಿಲ್ಲ. ನಕ್ಷೆ ತೆಗೆದು, ಇದರಲ್ಲೇ ಎಲ್ಲ ಇದೆ ಎಂದು ತೋರಿಸಿದೆ. ಈ ಒಂದು ಸಲ ಓದಿಸಿ ನೋಡೋಣ ಎಂದು ಅವರು ಒಪ್ಪಿದರು. ಮುಂದಿನ ಕಂಬದ ಅಳತೆ ಓದಬೇಕು. ಕಾಗದದಲ್ಲಿ 3.9 ಎಂದಿತ್ತು. ಒಂದು ತಿಂಗಳು ಆ ಕಾಗದ ನನ್ನ ಮುಂದೆಯೇ ಇದ್ದರೂ ಆ ಅಂಕಿ ನನ್ನ ಕಣ್ಣಿಗೆ ಹಾಗೆ ಬಿದ್ದಿರಲಿಲ್ಲ.

“ಮೂರು ಇಂಚು ಒಂಬತ್ತು ನೂಲು” ಎಂದು ಕೂಗಿದೆ.

ಅವರು ಕಿವಿಗೆ ಅಂಗೈ ಅಡ್ಡ ಹಿಡಿದರು. “ಎಷ್ಟು ನೂಲು?”

“ಒಂಬತ್ತು!”

“ನೋಡಿದ್ರಾ, ನನ್ನ ಕಿವಿ ಹಣೆಬರಹ. ಒಂಬತ್ತು ಅಂದಂಗೆ ಕೇಳಿಸ್ತೈತೆ” ಎಂದು ನಕ್ಕರು. “ಇಂಚಿಗೆ ಎಂಟೇ ನೂಲು ಅಲ್ರೀ. ಒಂಬತ್ತನೇದು ಎಲ್ಲಿಂದ ತರಾನ?”

ನಾನು ಅದನ್ನು ತಂದಿದ್ದೆ. ಮನೆಯಲ್ಲಿ ಸ್ಕೇಲು ಹಿಡಿದು, ಮೂರು ಇಂಚು ದಾಟಿ, ಒಂದೊಂದೇ ಗೀರು ಎಣಿಸಿ, ಎಂಟು ಮುಗಿದ ಮೇಲೆ ಮುಂದಿನ ಇಂಚಿನಿಂದ ಇನ್ನೊಂದು ಸೇರಿಸಿಕೊಂಡಿದ್ದೆ. ಅದಕ್ಕೇ ಕಂಬ ಎತ್ತರವಾದದ್ದು. ಅದೇ ಚುಕ್ಕಿ, ಅದೇ ಅಂಕಿ, ಅದೇ ತಪ್ಪು. ಹಿಂದಿನ ಸಲ ಈ ತಪ್ಪಿನ ಏಟು ಬಿದ್ದದ್ದು ಅವರಿಗೆ. ಹಾಗಾಗಿ ಪಾಠವೂ ಅವರಿಗೇ ಹೋಯಿತು, ಗೋಡೆಯ ತುಂಬ ಕಡ್ಡಿಯಾಗಿ. ನನಗೆ ಏನೂ ಬಂದಿರಲಿಲ್ಲ.

“ನಿನ್ನ ಕಿವಿ ಸರಿಯಾಗೇ ಇದೆ” ಎಂದೆ. ಎಷ್ಟೋ ವರ್ಷ ಮನಸ್ಸಿನಲ್ಲೇ ಹೇಳಿ ರೂಢಿಯಾದ ಮಾತು, ಮೆಲುದನಿಯಲ್ಲೇ ಬಂತು.

“ಏನು? ಜೋರಾಗಿ ಹೇಳ್ರಿ.”

“ಜಗಳೂರಲ್ಲಿ ನಾನು ಒಂಬತ್ತು ಅಂತಲೇ ಹೇಳಿದ್ದೆ.”

“ಕೇಳ್ತಿಲ್ರೀ. ಅರಚ್ರಿ ಸ್ವಲ್ಪ!”

ಹೀಗೆ ನಾನು ಅರಚಬೇಕಾಯಿತು. ಕ್ಷಮೆ ಕೇಳುವಾಗ ಧ್ವನಿ ತಗ್ಗಿಸಬಹುದು ಎಂದು ನಂಬಿದ್ದವನು, ರಸ್ತೆಗೆ ಕೇಳುವ ಹಾಗೆ ಕೂಗಿ ಹೇಳಿದೆ: “ನಾನು ತಪ್ಪು ಓದಿದೆ! ನಿನ್ನ ಕಿವಿ ಸರಿ ಇತ್ತು! ನನಗೆ ಆವತ್ತೇ ಗೊತ್ತಿತ್ತು! ಸುಳ್ಳು ಹೇಳಿದೆ!”

ಟೀ ಅಂಗಡಿಯಲ್ಲಿ ಲೋಟದ ಸದ್ದು ನಿಂತಿತು. ಬಡಗಿಯ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಅವರು ವಿಮಾನವನ್ನು ಮೆಲ್ಲಗೆ ಹಲಗೆಯ ಮೇಲಿಟ್ಟರು. ಒಂದು ಕಿವಿಯನ್ನು ಬೆರಳಿನಿಂದ ಉಜ್ಜಿಕೊಂಡರು, ಅವತ್ತಿನ ಹಾಗೇ.

“ಆವತ್ತೇ ಗೊತ್ತಿತ್ತಾ?”

“ಗೊತ್ತಿತ್ತು.”

“ಕಂಟ್ರಾಕ್ಟ್ರು ಬರಾಕೆ ಮುಂಚೆ?”

“ಮುಂಚೆಯೇ.”

ಅವರು ಗೋಡೆಯಿಂದ ಒಂದು ಕಡ್ಡಿ ತೆಗೆದು ಗೀರಿನ ಮೇಲೆ ಬೆರಳಾಡಿಸಿದರು. ಆಮೇಲೆ ತಮಗೆ ತಾವೇ ಅನ್ನುವಂತೆ, “ಹಂಗಾದ್ರೆ ನನ್ನ ಕಿವಿ ಆವಾಗ ಸರಿ ಇತ್ತು” ಎಂದರು. ಹೆಂಡತಿಯ ಕಡೆ ತಿರುಗಿದರು. “ನನಗೆ ಹೇಳಿ ಏನು ಉಪಯೋಗ? ಅಕಿಗೆ ಹೇಳ್ರಿ.”

ಅವಳಿಗೂ ಹೇಳಿದೆ, ಮೊದಲಿನಿಂದ. ಅವಳು ಪೂರ್ತಿ ಕೇಳಿದಳು.

“ಈ ಊರಿಗೆ ಬಂದಾಗಿಂದ, ಇವ್ರಿಗೆ ಕೇಳಲ್ಲ ಅಂತ, ಈ ಮನ್ಯಾಗೆ ಅರಚಿ ಅರಚಿ ನನ್ನ ಗಂಟಲು ಹೋಗೈತೆ. ಕಿವುಡನ ಹೆಂಡ್ತಿ ಅಂತ ಓಣಿ ತುಂಬ ಕರೀತಾರೆ. ಪುಣ್ಯಾತ್ಮ, ಒಂದು ಮಾತು ಆವತ್ತೇ ಹೇಳಾಕೆ ಏನಾಗಿತ್ತು ನಿಮ್ಗೆ?”

ಟೀ ಅಂಗಡಿಯಿಂದ ಯಾರೋ, “ಅಜ್ಜಾ, ನಿಂಗೆ ಎಲ್ಲಾ ಕೇಳಿಸ್ತಿತ್ತಂತಲ್ಲೋ! ನಾವು ಆಡ್ಕೊಂಡಿದ್ದೂ ಕೇಳಿಸ್ತಾ?” ಎಂದು ಕೂಗಿದರು. ನಾಲ್ಕು ಜನ ನಕ್ಕರು. ಬಡಗಿ ನಗಲಿಲ್ಲ.

“ಇವತ್ತು ನನಗೆ ಕೆಲಸ ಮಾಡಾಕಾಗಲ್ಲ. ನೀವು ಹೋಗ್ರಿ” ಎಂದರು. ನಾನು ಪೆಟ್ಟಿಗೆಗೆ ಕೈ ಹಾಕಿದೆ. “ಅದು ಇಲ್ಲೇ ಇರ್ಲಿ.”

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಎರಡು ದಿನ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ನಾನು ನಕ್ಷೆ ಮುಂದಿಟ್ಟುಕೊಂಡು ಪ್ರತಿಯೊಂದು ಅಂಕಿಯನ್ನೂ ಎಂಟರಿಂದ ಗುಣಿಸಿ ನೂಲಿಗೆ ಇಳಿಸಿ ಒಂದು ಚೀಟಿಯಲ್ಲಿ ಬರೆದುಕೊಂಡೆ. 3.9 ಅಂದರೆ ಮೂರು ಇಂಚು ಏಳು ನೂಲು, ಮೇಲೆ ಒಂದು ಕೂದಲೆಳೆ. ಸೊಸೆಯಿಂದ ಎರಡು ಸಲ ತಾಳೆ ನೋಡಿಸಿದೆ. ಹಳೆಯದೊಂದು ಪಂಚೆಯನ್ನೂ ಒಗೆದು ಮಡಿಸಿ ಇಟ್ಟುಕೊಂಡೆ.

ಹದಿನೈದು ದಿನ ಬಿಟ್ಟು ಹೋದೆ. ಒಳಗೆ ಕರೆಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅವರು ಕರೆಯಲಿಲ್ಲ, ಬೇಡ ಎನ್ನಲೂ ಇಲ್ಲ. ಕೂರಲು ಮಣೆ ಸರಿಸಿದರು. ನನ್ನ ವಿಮಾನ ಪೂರ್ತಿ ಬಿಚ್ಚಿಹೋಗಿತ್ತು. ಅದರ ಜಾಗದಲ್ಲಿ ಬೂರುಗದ ಮರದ ಹಗುರವಾದ ಹೊಸ ರೆಕ್ಕೆಯ ಗೂಡುಗಳು, ನಾಲ್ಕು, ಒಳಗೆ ಬೆರಳಿನಷ್ಟು ಅಂತರಕ್ಕೊಂದು ಪಟ್ಟಿ. ಯಾವ ನಕ್ಷೆಯೂ ಇಲ್ಲದೆ, ನನ್ನ ಲಗ್ನಪತ್ರಿಕೆಯ ರೆಕ್ಕೆಯನ್ನೇ ಕಡ್ಡಿಯಿಂದ ಅಳೆದು ಮಾಡಿದ್ದರು. ಕಂಬ ಮತ್ತು ಬಾಲ ಮಾತ್ರ ಬಾಕಿ.

ಗಂಜಿ ಹಾಕಿದ ಪಂಚೆಯನ್ನು ಒಂದು ಗೂಡಿನ ಮೇಲೆ ಬಿಗಿದೆವು. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಸಣ್ಣ ತಮಟೆಯ ಹಾಗೆ ಸದ್ದು ಬಂತು. ಅಮ್ಮ ಮುಟ್ಟಿದ್ದು ಹೀಗೇ ಇದ್ದಿರಬೇಕು.

“ಓದ್ರಿ” ಎಂದರು ಅವರು. “ನಿಮ್ಮ ಮ್ಯಾಲೆ ನಂಬಿಕೆ ಬಂತು ಅಂತಲ್ಲ. ನನ್ನ ಕಿವಿ ಎಷ್ಟು ಉಳಿದೈತೆ ನೋಡಾನ ಅಂತ.”

ಓದಿದೆ. “ಮೂರು ಇಂಚು ಏಳು ನೂಲು!” ಅವರು ನನ್ನ ಮಾತನ್ನು ತಿರುಗಿ ಹೇಳಿದರು, ಗೀರು ಹಾಕಿದರು, ಕೊಯ್ದರು. ಮುಂದಿನ ನಾಲ್ಕು ಕಂಬಗಳೂ ಸರಿಯಾಗಿ ಕೂತವು. ಹಿಂದಿನವೂ ಆದವು. ಮೇಲಿನ ರೆಕ್ಕೆ ಮೂತಿ ಇಳಿಸಿತು. ಬಡಗಿಯ ಮುಖದಲ್ಲಿ ಏನೋ ಸಡಿಲಾಯಿತು, ಆದರೆ ನನ್ನ ಕಡೆ ನೋಡಲಿಲ್ಲ.

ಕೊನೆಯದು ಬಾಲದ ಪಟ್ಟಿ. “ಐದು ಇಂಚು ಏಳು ನೂಲು” ಎಂದೆ. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಈ ಸಲ ಅವರು ತಿರುಗಿ ಹೇಳಲಿಲ್ಲ, ನಾನೂ ಗಮನಿಸಲಿಲ್ಲ. ಕೊಯ್ದು ಇಟ್ಟು ನೋಡಿದರೆ ಗಿಡ್ಡ. ಏಳು ಅಂದದ್ದು ಎರಡು ಎಂದು ಕೇಳಿಸಿತ್ತು.

“ನಾನೇ ತಪ್ಪು ಓದಿದೆ. ನನ್ನದೇ ತಪ್ಪು” ಎಂದು ಕೂಗಿಬಿಟ್ಟೆ.

ಅವರು ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಒಳಗೆ ಹೋಗಿ ಹೆಂಡತಿಗೆ ತೋರಿಸಿದರು. ಅವಳಿಗೆ ಅಂಕಿ ಬರುತ್ತಿತ್ತು. “ಐದು, ಏಳು” ಎಂದು ಅವಳು ಕೂಗಿದ್ದು ನನಗೂ ಕೇಳಿಸಿತು. ಹೊರಗೆ ಬಂದು ಚೀಟಿಯನ್ನು ನನ್ನ ತೊಡೆಯ ಮೇಲಿಟ್ಟರು.

“ಮತ್ತೆ ಸುಳ್ಳು ಹೇಳ್ತೀರಲ್ರೀ. ನೀವು ಸರಿಯಾಗೇ ಓದೀರಿ. ಈ ಸಲ ನನ್ನ ಕಿವಿದೇ ತಪ್ಪು. ನಂದು ನನಗಿರ್ಲಿ, ನಿಮ್ದು ನಿಮಗಿರ್ಲಿ.”

ಗಿಡ್ಡ ಪಟ್ಟಿಯನ್ನು ಪಕ್ಕಕ್ಕೆ ಎಸೆದು ಹೊಸದೊಂದು ಎತ್ತಿಕೊಂಡರು. ಬಸ್ಸು ಇನ್ನೊಂದು ಬರುತ್ತಿದೆಯೇ ಎಂದು ರಸ್ತೆಯ ಕಡೆ ನೋಡಿ, ಮಣೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಕೇಳುವ ಕಿವಿಯನ್ನು ನನ್ನ ಬಾಯಿಯ ಕಡೆ ತಿರುಗಿಸಿದರು.

“ಹೂಂ, ಓದ್ರಿ.”

ಓದಿದೆ.